ಪ್ರತಿಮೆ ಉರುಳಿದ ಮರುದಿನ

ನಿನ್ನೆ ರಾತ್ರಿ ಟಿವಿ ಚರ್ಚೆಯೊಂದರಲ್ಲಿ ಒಬ್ಬರು, ಹೊರಗಿನ ಸೈನ್ಯ ಬಂದು ಸರ್ವಾಧಿಕಾರಿಯನ್ನು ಕಿತ್ತೊಗೆದು ಚುನಾವಣೆ ನಡೆಸಿಬಿಟ್ಟರೆ ಪ್ರಜಾಪ್ರಭುತ್ವ ತಾನಾಗಿಯೇ ಬೇರೂರುತ್ತದೆ ಎಂದು ಸಲೀಸಾಗಿ ಹೇಳಿಬಿಟ್ಟರು. ಇರಾಕ್ ಅನುಭವಿಸಿದ್ದನ್ನೆಲ್ಲ ಕಂಡ ಮೇಲೂ ಇಂಥ ಮಾತು ಆಡಲು ಹೇಗೆ ಸಾಧ್ಯ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

2003ರ ಏಪ್ರಿಲ್ 9ರಂದು ಬಾಗ್ದಾದಿನ ಫಿರ್ದೌಸ್ ಚೌಕದಲ್ಲಿ ಸದ್ದಾಂ ಹುಸೇನನ ಪ್ರತಿಮೆ ಉರುಳಿದಾಗ ನಾನೂ ಸಂತೋಷಪಟ್ಟಿದ್ದೆ. ಇರಾಕಿನದೇ ಹಲಬ್ಜಾ ಪಟ್ಟಣದಲ್ಲಿ ವಿಷಾನಿಲದಿಂದ ಸಾವಿರಾರು ಕುರ್ದರನ್ನು ಕೊಲ್ಲಿಸಿದವನ ಆಳ್ವಿಕೆ ಮುಗಿದದ್ದಕ್ಕೆ ಪಟ್ಟ ಆ ಸಂತೋಷವನ್ನು ಇಂದಿಗೂ ಅಲ್ಲಗಳೆಯುವುದಿಲ್ಲ. ಆದರೆ ಉರುಳುವ ಮೊದಲು ಸೈನಿಕನೊಬ್ಬ ಆ ಪ್ರತಿಮೆಯ ಮುಖಕ್ಕೆ ಕ್ಷಣಕಾಲ ಅಮೆರಿಕದ ಬಾವುಟ ಹೊದಿಸಿದಾಗ ಮನಸ್ಸಿಗೆ ಏನೋ ಚುಚ್ಚಿತ್ತು.

ನನ್ನ ತಕರಾರು ಇರುವುದು ಅನಂತರ ನಡೆದದ್ದರ ಬಗ್ಗೆ. ಮೇ 12ರಂದು ಬಾಗ್ದಾದಿಗೆ ಬಂದಿಳಿದ, ಇರಾಕಿನ ಆಡಳಿತಕ್ಕೆಂದು ಅಮೆರಿಕ ನೇಮಿಸಿದ್ದ ಪಾಲ್ ಬ್ರೆಮರ್, ಎರಡು ವಾರ ತುಂಬುವ ಮೊದಲೇ ಎರಡು ಆದೇಶ ಹೊರಡಿಸಿದರು. 16ರ ಆದೇಶದಿಂದ ಸದ್ದಾಂನ ಬಾತ್ ಪಕ್ಷದ ಮೇಲಿನ ಸ್ತರದವರು ಸರ್ಕಾರಿ ಕೆಲಸ ಕಳೆದುಕೊಂಡರು. ಕೆಲಸ ಉಳಿಸಿಕೊಳ್ಳಲೆಂದೇ ಪಕ್ಷ ಸೇರಿದ್ದ ಸಾವಿರಾರು ಶಾಲಾ ಶಿಕ್ಷಕರೂ ಅದರಲ್ಲಿ ಸಿಕ್ಕಿಬಿದ್ದರು. 23ರ ಆದೇಶ ಇಡೀ ಸೈನ್ಯವನ್ನೇ ವಿಸರ್ಜಿಸಿತು. ಲಕ್ಷಾಂತರ ಗಂಡಸರು ಸಂಬಳವಿಲ್ಲದೆ, ಮರ್ಯಾದೆಯಿಲ್ಲದೆ, ಆದರೆ ಬಂದೂಕು ಹಿಡಿಯುವುದನ್ನು ಚೆನ್ನಾಗಿ ಬಲ್ಲವರಾಗಿ ಮನೆಗೆ ಹೋದರು. ಬಾಕಿ ಸಂಬಳ ಕೇಳಿ ಬಾಗ್ದಾದಿನ ಬೀದಿಗಿಳಿದವರ ಮೇಲೆ ಜೂನ್‌ನಲ್ಲಿ ಗುಂಡು ಹಾರಿತು, ಆಮೇಲೆ ಭತ್ಯೆ ಕೊಡತೊಡಗಿದರು. 2014ರಲ್ಲಿ ಮೊಸುಲ್ ನಗರವನ್ನು ವಶಪಡಿಸಿಕೊಂಡ ಐಸಿಸ್‌ನ ಸೇನಾ ನಾಯಕತ್ವದಲ್ಲಿ ಇದೇ ಹಳೆಯ ಸೈನ್ಯದ ಅಧಿಕಾರಿಗಳಿದ್ದರು.

ಜರ್ಮನಿ, ಜಪಾನ್‌ಗಳಲ್ಲಿ ಆದದ್ದು ಇಲ್ಲೇಕೆ ಆಗಬಾರದು ಎಂದು ಕೇಳುವವರಿದ್ದಾರೆ. ಜಪಾನಿನಲ್ಲಿ 1890ರಿಂದಲೇ ಸಂಸತ್ತಿತ್ತು, ಜರ್ಮನಿ ಹಿಟ್ಲರನಿಗೂ ಮೊದಲು ಗಣರಾಜ್ಯವಾಗಿತ್ತು. ಅಲ್ಲಿಯೂ ಸೈನ್ಯವನ್ನು ವಿಸರ್ಜಿಸಿದರು, ನಿಜ. ಆದರೆ ಯುದ್ಧಾನಂತರ ಜಪಾನಿನ ಆಡಳಿತದ ಹೊಣೆ ಹೊತ್ತ ಅಮೆರಿಕದ ಜನರಲ್ ಮೆಕಾರ್ಥರ್ ಅಲ್ಲಿನ ಚಕ್ರವರ್ತಿಯನ್ನು ಉಳಿಸಿಕೊಂಡು, ಅಲ್ಲಿನ ಅಧಿಕಾರಿವರ್ಗದ ಮೂಲಕವೇ ಆಡಳಿತ ನಡೆಸಿದರು. ಈ ಹೋಲಿಕೆಯನ್ನು ಮುಂದಿಡುವವರು ಅದನ್ನು ಮಾತ್ರ ಹೇಳುವುದೇ ಇಲ್ಲ.

ಮತದಾನವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2005ರ ಜನವರಿ 30ರಂದು ಬಾಂಬ್ ಬೆದರಿಕೆಯ ನಡುವೆ, ವಾಹನ ಸಂಚಾರವಿಲ್ಲದ ರಸ್ತೆಗಳಲ್ಲಿ ನಡೆದೇ ಹೋಗಿ ಮತ ಹಾಕಿ, ಶಾಯಿ ಹಚ್ಚಿದ ಬೆರಳನ್ನು ಎತ್ತಿ ತೋರಿಸಿದ ಹೆಂಗಸರ ಚಿತ್ರ ನೋಡಿ ನನ್ನ ಕಣ್ಣು ತುಂಬಿತ್ತು. ಆ ಮತಕ್ಕೆ ಕಾವಲಾಗಬಹುದಾಗಿದ್ದ ಸೈನ್ಯವನ್ನು 20 ತಿಂಗಳ ಹಿಂದೆಯೇ ಮನೆಗೆ ಕಳಿಸಿಯಾಗಿತ್ತು.