ಅಂಗಡಿಗದ್ದೆಯಲ್ಲಿ ಅಂಗಡಿ ಎಲ್ಲಿತ್ತು?

ನನ್ನೂರು ಉಡುಪಿ ಜಿಲ್ಲೆಯ ಬಾರ್ಕೂರು. ಇಂಗ್ಲೆಂಡಿನ ಇಪ್ಸ್‌ವಿಚ್‌ಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ಪಕ್ಕದ ಮನೆಯಲ್ಲೊಬ್ಬರು ಅಜ್ಜ ಇದ್ದಾರೆ. ಭಾನುವಾರ ಬಂತೆಂದರೆ ನೆಲದಡಿಯ ಲೋಹ ಹುಡುಕುವ ಯಂತ್ರ, ಮೆಟಲ್ ಡಿಟೆಕ್ಟರ್, ಹೆಗಲಿಗೇರಿಸಿ ಗದ್ದೆ ಕಡೆ ಹೊರಡುತ್ತಾರೆ. ನಾನೂ ಕೆಲವು ಸಲ ಸುಮ್ನೆ ಜೊತೆಗೆ ಹೋಗಿದ್ದೇನೆ. ಆದರೆ ನನಗೆ ಹಿಡಿಸಿದ್ದು ಭಾನುವಾರದ ಅಗೆತ ಅಲ್ಲ, ಶನಿವಾರ ರಾತ್ರಿಯ ಕೆಲಸ. ಅವತ್ತು ಅವರು ಹಳೆ ನಕ್ಷೆ ನೋಡುತ್ತಾ ಕೂರುತ್ತಾರೆ.

ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರು 1880ರ ದಶಕದಲ್ಲಿ ಮಾಡಿದ ನಕ್ಷೆಗಳಿವೆ. ನೆಲದ ಒಂದು ಮೈಲಿಗೆ ಕಾಗದದ ಮೇಲೆ ಸುಮಾರು 25 ಇಂಚಿನ ಲೆಕ್ಕ. ಬಾವಿ, ಕೆರೆ, ಕಾಲುದಾರಿ ಎಲ್ಲ ಕಾಣುತ್ತವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇವನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದೆ, ನೋಡಲು ದುಡ್ಡಿಲ್ಲ. ಹಳೆಯದರ ಕೆಳಗೆ ಇವತ್ತಿನ ಉಪಗ್ರಹ ಚಿತ್ರ ಇಟ್ಟುಕೊಂಡು ಮಸುಕು ಮಾಡುತ್ತಾ ಹೋಗಬಹುದು. ಅಜ್ಜ ಹುಡುಕುವುದು ಒಂದನ್ನೇ: ಅವತ್ತು ಇದ್ದು ಇವತ್ತು ಇಲ್ಲದ್ದು ಯಾವುದು?

ಒಂದು ಸಲ ನಾವು ಹೋದ ಜಾಗ ಈಗ ಒಂದೇ ದೊಡ್ಡ ಬೀಟ್ ಗದ್ದೆ. ಹಳೆ ನಕ್ಷೆಯಲ್ಲಿ ಅದೇ ಜಾಗ ನಾಲ್ಕು ತುಂಡು. ನಡುವೆ ಬೇಲಿ, ಬೇಲಿ ಸೀಳಿಕೊಂಡು ಒಂದು ಕಾಲುದಾರಿ, ಬೇಲಿ ದಾಟಲು ಮೆಟ್ಟಿಲು. ನಮ್ಮ ಕಡೆ ತಡಮೆ ಅಂತೇವಲ್ಲ, ಅದೇ. ಅಜ್ಜ ಇಡೀ ಗದ್ದೆ ಬಿಟ್ಟು ಆ ತಡಮೆ ಇದ್ದ ನಾಲ್ಕು ಮಾರು ಜಾಗದಲ್ಲೇ ಸುತ್ತಿದರು. ಯಾಕೆ ಅಂತ ಕೇಳಿದೆ. ತಡಮೆ ದಾಟುವಾಗ ಮನುಷ್ಯ ಕಾಲೆತ್ತುತ್ತಾನೆ, ಬಗ್ಗುತ್ತಾನೆ, ಕಿಸೆಯ ಚಿಲ್ಲರೆ ಬೀಳುವುದು ಆಗಲೇ ಅಂದರು. ಮಧ್ಯಾಹ್ನದೊಳಗೆ ವಿಕ್ಟೋರಿಯಾ ರಾಣಿಯ ಒಂದು ಕಂಚಿನ ಪೆನ್ನಿ, ಕೋಟಿನ ಎರಡು ಗುಂಡಿ, ಒಂದು ಸೀಸದ ಗುಂಡು ಸಿಕ್ಕಿದವು. ಮಾರಿದರೆ ಒಂದು ಚಹಾಕ್ಕೂ ಸಾಲದು. ಆದರೂ ನೂರಮೂವತ್ತು ವರ್ಷದ ಹಿಂದೆ ಯಾರೋ ಒಬ್ಬ ಅಲ್ಲಿ ಬೇಲಿ ದಾಟಿದ್ದು ಕಣ್ಣಿಗೆ ಕಟ್ಟಿತು.

ಹಾಗಂತ ಇಲ್ಲಿ ಎಲ್ಲೆಂದರಲ್ಲಿ ಅಗೆಯುವ ಹಾಗಿಲ್ಲ. ರೈತನ ಒಪ್ಪಿಗೆ ಬೇಕೇ ಬೇಕು. ಸರ್ಕಾರ ಗುರುತು ಮಾಡಿದ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಡಿಟೆಕ್ಟರ್ ಬಳಸಿದರೆ 1979ರ ಕಾನೂನಿನ ಪ್ರಕಾರ ಅಪರಾಧ. ಮುನ್ನೂರು ವರ್ಷ ದಾಟಿದ ಚಿನ್ನ ಬೆಳ್ಳಿ (ಒಂಟಿ ನಾಣ್ಯ ಬಿಟ್ಟು) ಸಿಕ್ಕಿದರೆ 14 ದಿನದೊಳಗೆ ಕೊರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಮ್ಯೂಸಿಯಂ ಅದನ್ನು ಇಟ್ಟುಕೊಂಡರೆ ಹಣ ಸಾಮಾನ್ಯವಾಗಿ ಸಿಕ್ಕಿದವನಿಗೆ ಅರ್ಧ, ಜಾಗದವನಿಗೆ ಅರ್ಧ.

ನನಗೆ ಮೆಚ್ಚಿಗೆಯಾದದ್ದು ಚಿನ್ನದ ನಿಯಮ ಅಲ್ಲ, ಗುಂಡಿಯ ನಿಯಮ. ಪೆನ್ನಿ, ಗುಂಡಿ, ಬಕಲ್ ಅಂಥದ್ದನ್ನು ಕೊಡಬೇಕೆಂದಿಲ್ಲ. ಆದರೆ ತೋರಿಸಬಹುದು. 1997ರಲ್ಲಿ ಶುರುವಾದ ಒಂದು ಯೋಜನೆಯಲ್ಲಿ ಜಿಲ್ಲೆಗೊಬ್ಬರಂತೆ ಅಧಿಕಾರಿಗಳಿದ್ದಾರೆ. ತೀರಾ ಈಚಿನದ್ದು ಅಲ್ಲದಿದ್ದರೆ ಅವರು ವಸ್ತುವಿನ ಫೋಟೋ ತೆಗೆದು, ಎಲ್ಲಿ ಸಿಕ್ಕಿತು ಅಂತ ಬರೆದುಕೊಂಡು ವಾಪಸು ಕೊಡುತ್ತಾರೆ. ಹೀಗೆ ದಾಖಲಾದ ವಸ್ತುಗಳು ಹದಿನೈದು ಲಕ್ಷ ದಾಟಿವೆ. ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಹಾಕ್ಸನ್ ಎಂಬ ಹಳ್ಳಿಯಲ್ಲಿ 1992ರಲ್ಲಿ ಒಬ್ಬ ತನ್ನ ಸ್ನೇಹಿತನ ಕಳೆದುಹೋದ ಸುತ್ತಿಗೆ ಹುಡುಕಲು ಹೋಗಿ ರೋಮನ್ ಕಾಲದ ನಿಧಿ ಕಂಡ. ಹದಿನೈದು ಸಾವಿರದಷ್ಟು ನಾಣ್ಯಗಳು! ಪೂರ್ತಿ ಅಗೆಯದೆ ಅಧಿಕಾರಿಗಳನ್ನು ಕರೆದು ಹೇಳಿದ. ಸುತ್ತಿಗೆಯೂ ಆಮೇಲೆ ಸಿಕ್ಕಿತು. ಈಗ ಅದೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಇಲ್ಲಿ ಕಳ್ಳರಿಲ್ಲ ಅಂತಲ್ಲ. ರಾತ್ರಿ ಬಂದು ಕದ್ದು ಅಗೆಯುವವರಿಗೆ ನೈಟ್‌ಹಾಕ್ ಅಂತ ಹೆಸರೇ ಇದೆ.

ಕಳೆದ ವರ್ಷ ಊರಿಗೆ ಹೊರಟಾಗ ಅಜ್ಜ ತಮ್ಮ ಹಳೆಯ ಡಿಟೆಕ್ಟರ್ ಕೊಡುತ್ತೇನೆ, ತೆಗೆದುಕೊಂಡು ಹೋಗು ಅಂದರು. ಬೇಡ ಅಂದೆ. ಬಾರ್ಕೂರಿನಂಥ ಊರಲ್ಲಿ, ಹೆಜ್ಜೆಗೊಂದು ಗುಡಿ, ಬಸದಿ, ನಾಗಬನ ಇರುವಲ್ಲಿ, ಅದನ್ನು ಹಿಡಿದು ಓಡಾಡಿದರೆ ನಿಧಿಗಳ್ಳ ಅಂತ ಊರವರೇ ಹಿಡಿದು ಪೊಲೀಸರಿಗೆ ಕೊಡುತ್ತಾರೆ. ಕೊಡಲೂ ಬೇಕು. ನಿಧಿ ಆಸೆಗೆ ಲಿಂಗ ಕಿತ್ತವರು, ಗರ್ಭಗುಡಿ ಅಗೆದವರು ನಮ್ಮಲ್ಲಿ ಕಡಿಮೆಯೇ? ಅಲ್ಲದೆ ನಮ್ಮ ಗುಡ್ಡೆ ತುಂಬ ಮುರಕಲ್ಲು. ಅದರ ಕೆಂಪೇ ಕಬ್ಬಿಣದ್ದು. ಯಂತ್ರ ಕಲ್ಲಿಗೇ ಕೂಗುತ್ತದೆ.

ಯಂತ್ರ ಬಿಟ್ಟು ನಕ್ಷೆಯ ಚಟ ಮಾತ್ರ ಒಯ್ದೆ. ಇಲ್ಲೇ ನಮಗೂ ಅವರಿಗೂ ಇರುವ ವ್ಯತ್ಯಾಸ ತಿಳಿದದ್ದು. ಇಂಗ್ಲೆಂಡಿನಲ್ಲಿ 1840ರ ಸುಮಾರಿಗೆ ಇಗರ್ಜಿ ತೆರಿಗೆಗೆಂದು ನಕ್ಷೆ ಮಾಡಿದರು. ಅದರ ಜೊತೆಗಿನ ಪಟ್ಟಿಯಲ್ಲಿ ಒಂದೊಂದು ಗದ್ದೆಗೂ ಹೆಸರು. ಜಾತ್ರೆ ಗದ್ದೆ ಅಂತ ಇದ್ದರೆ ಅಲ್ಲಿ ಜಾತ್ರೆ ಸೇರುತ್ತಿತ್ತೇನೋ ಅಂತ ಅಜ್ಜ ಮೊದಲು ಅಲ್ಲಿಗೇ ಹೋಗುತ್ತಾರೆ. ನಮ್ಮ ಗ್ರಾಮ ನಕ್ಷೆಯಲ್ಲಿ ಇರುವುದು ಬರೀ ಸರ್ವೆ ನಂಬರ್. ಜಮೀನಿನ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪಿನಲ್ಲೂ ಅದೇ. ಹೆಸರು ಇಲ್ಲವೆಂದಲ್ಲ, ಅವು ಇರುವುದು ಬಾಯಲ್ಲಿ.

ಅದಕ್ಕೆ ಅತ್ತೆಯ ಹತ್ತಿರ ಕೂತೆ. ಜಗಲಿಯಲ್ಲಿ ಗ್ರಾಮ ನಕ್ಷೆಯ ಜೆರಾಕ್ಸ್ ಹಾಸಿದೆ. ಅತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹೇಳುತ್ತಾ ಹೋದರು, ನಾನು ನಂಬರಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾ ಹೋದೆ. ಬಾಕಿಮಾರು. ಕಂಬಳಗದ್ದೆ. ಮಜಲು. ಬೈಲು. ಕೊನೆಗೆ ಹೊಳೆಯ ದಿಕ್ಕಿನ ಒಂದು ತುಂಡಿಗೆ ಬೆರಳಿಟ್ಟು "ಇದು ಅಂಗಡಿಗದ್ದೆ" ಅಂದರು.

"ಅಲ್ಲಿ ಅಂಗಡಿ ಎಲ್ಲಿತ್ತು ಅತ್ತೆ?"

"ನಂಗೆಂತ ಗೊತ್ತು ಮಾಣಿ? ನಾನು ಮದುವೆಯಾಗಿ ಬರುವಾಗಲೂ ಅದು ಗದ್ದೆಯೇ."

ಹಳೆಯಂಗಡಿ, ಹಿರಿಯಂಗಡಿ, ಉಪ್ಪಿನಂಗಡಿ ಅಂತ ಊರೂರಿಗೆ ಅಂಗಡಿಯ ಹೆಸರಿರುವ ಸೀಮೆ ನಮ್ಮದು. ಬಾರ್ಕೂರು ಆಳುಪ ಅರಸರ ರಾಜಧಾನಿ, ಆಮೇಲೆ ವಿಜಯನಗರದವರ ಬಾರಕೂರು ರಾಜ್ಯದ ಮುಖ್ಯ ಪಟ್ಟಣ. ಶಾಸನಗಳಲ್ಲಿ ಬಾರಕೂರು ಗದ್ಯಾಣ ಅಂತ ನಾಣ್ಯದ ಹೆಸರೇ ಬರುತ್ತದೆ. ಅಂಥ ಊರಿನ ಹೊಳೆಬದಿ ಒಂದು ಅಂಗಡಿಗದ್ದೆ!

ಆಗ ನೆನಪಾಯಿತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಮಾವ ತೆಂಗಿನ ಗುಂಡಿ ತೋಡಿದ್ದು ಅದೇ ಗದ್ದೆಯ ಅಂಚಿನಲ್ಲಿ. ಎರಡು ಚಿನ್ನದ ಹಣ, ಅಂದರೆ ಹಳೆ ಕಾಲದ ಪುಟ್ಟ ನಾಣ್ಯ, ಸಿಕ್ಕಿತ್ತು. ತೊಗರಿಬೇಳೆಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಮಾವ ಯಾರಿಗೂ ಹೇಳಲಿಲ್ಲ. "ಹೇಳಿದ್ರೆ ಪೊಲೀಸು, ತಾಲೂಕಾಫೀಸು ಅಂತ ಅಲೀಬೇಕು ಮಾರಾಯ, ಗದ್ದೆಯೂ ಹೋಗ್ತದೆ" ಅಂದಿದ್ದರು. ಗದ್ದೆ ಹೋಗುವ ಮಾತೇ ಇರಲಿಲ್ಲ. ಬ್ರಿಟಿಷರು 1878ರಲ್ಲಿ ಮಾಡಿದ ನಿಧಿ ಕಾಯ್ದೆ ಕೂಡ ಹತ್ತು ರೂಪಾಯಿಗಿಂತ ಹೆಚ್ಚಿನದು ಸಿಕ್ಕಿದರೆ ಕಲೆಕ್ಟರಿಗೆ ತಿಳಿಸು ಅನ್ನುತ್ತದೆ. ಮಾಲೀಕ ಯಾರೂ ಬರದಿದ್ದರೆ ಮುಕ್ಕಾಲು ಪಾಲು ಸಿಕ್ಕಿದವನಿಗೆ, ಕಾಲು ಪಾಲು ಜಾಗದವನಿಗೆ ಅಂತಲೂ ಅದರಲ್ಲಿದೆ. ನಮ್ಮ ರಾಜ್ಯಕ್ಕೆ ಆಮೇಲೆ ತನ್ನದೇ ಕಾಯ್ದೆ ಬಂತು. ತಿಳಿಸುವ ಕೆಲಸ ತಪ್ಪಲಿಲ್ಲ. ಆದರೆ ಊರಲ್ಲಿ ಕಾಯ್ದೆಗಿಂತ ಹೆದರಿಕೆ ಜಾಸ್ತಿ ಪ್ರಚಾರದಲ್ಲಿದೆ. ಅಗೆಯಲು ಬಿಡಿ ಅಂತ ನಾನು ಕೇಳುವುದಿಲ್ಲ. ತೋಟದ ಗುಂಡಿಯಲ್ಲಿ, ಬಾವಿಯ ಕೆಸರಲ್ಲಿ ತಾನಾಗಿ ಸಿಕ್ಕಿದ್ದನ್ನು ಹೆದರದೆ ತೋರಿಸಿ ಬರೆಸುವ ಒಂದು ಮೇಜು, ಕುರ್ಚಿ, ತಾಲೂಕಿಗೊಬ್ಬ ತಿಳಿದ ಮನುಷ್ಯ ಇದ್ದರೆ ಸಾಕಿತ್ತು.

"ಅದರ ಮೇಲೆ ಎರಡು ಮೀನು ಇತ್ತಾ ಅತ್ತೆ?" ಅಂತ ಕೇಳಿದೆ. ಆಳುಪರ ನಾಣ್ಯದಲ್ಲಿ ಜೋಡಿ ಮೀನು ಇರುತ್ತದೆ.

"ಎಂತದೋ ಗೀಟು ಇತ್ತಪ್ಪ. ಆಚಾರಿ ಕರಗಿಸುವಾಗ ನಾನು ನೋಡ್ಲಿಲ್ಲ" ಅಂದರು. ಅಷ್ಟು ಹೇಳಿ ಕೈ ತಾನಾಗಿ ಮೂಗುಬೊಟ್ಟಿನ ಮೇಲೆ ಹೋಯಿತು.