ಮುಚ್ಚಳ ತೆಗೆಯದ ಮದುಮಗ

ಹಂಪಿ ಹತ್ತಿರದ ಸಾಣಾಪುರ ಕೆರೆಯ ಬಂಡೆಗಳಿಗೆ ಮದುವೆ ಸೀಜನ್ನಿನಲ್ಲಿ ಪುರುಸೊತ್ತಿಲ್ಲ. ಬೆಳ್ಳಂಬೆಳಗ್ಗೆ ಪ್ರಿ-ವೆಡ್ಡಿಂಗ್ ತಂಡಗಳ ಪಾಳಿ. ಗೌನಿನ ಬಾಲ ಹಾರಿಸಲು ಒಬ್ಬ, ಬಣ್ಣದ ಹೊಗೆ ಬಿಡಲು ಒಬ್ಬ, ಡ್ರೋನಿಗೊಬ್ಬ. ಮದುಮಗನ ಕೈಗೆ ಮಾತ್ರ ಬಂಗಾರದ ಬಣ್ಣದ ಹಳೇ ರೇಂಜ್‌ಫೈಂಡರ್, ಅಂದರೆ ದೂರ ಅಳೆದು ಫೋಕಸ್ ಮಾಡುವ ರೀಲು ಕ್ಯಾಮೆರಾ. ಅದರೊಳಗೆ ರೀಲಿಲ್ಲ. ಅರಿಶಿಣ ಶಾಸ್ತ್ರ, ಬಳೆ ಶಾಸ್ತ್ರದ ಸಾಲಿಗೆ ಇದೀಗ ಕ್ಯಾಮೆರಾ ಶಾಸ್ತ್ರ.

"ಅಣ್ಣಾ, ಕಣ್ಣಿಗೆ ಹಿಡ್ಕೊ. ಅಕ್ಕನ ಫೋಟೊ ಹೊಡ್ದಂಗ ಮಾಡು."

ಅಣ್ಣ ಮಾಡುತ್ತಾನೆ. ಈ ಕ್ಯಾಮೆರಾದ ಬೆನ್ನಿಗೆ ಎರಡು ಕಿಂಡಿ: ಒಂದು ಫೋಕಸ್ ಹೊಂದಿಸಲು, ಇನ್ನೊಂದು ಚೌಕಟ್ಟು ನೋಡಲು. ಅವನ ಕಣ್ಣು ಎರಡನ್ನೂ ಬಿಟ್ಟು ಬರೀ ತಗಡಿಗೆ ಒತ್ತಿಕೊಂಡಿದೆ. ಮುಂದೆ ಮೂರು ಕಿಟಕಿ. ದೂರ ಅಳೆಯುವ ಎರಡು ದುಂಡು ಕಿಟಕಿಗಳಲ್ಲಿ ಒಂದರ ಮೇಲೆ ಎಡಗೈ ಬೆರಳು. ಒಂದು ಮುಚ್ಚಿದರೂ ಸಾಕು, ಜೋಡಿ ಬಿಂಬ ಹುಟ್ಟುವುದಿಲ್ಲ, ಫೋಕಸ್ ತಿಳಿಯುವುದಿಲ್ಲ. ಲೆನ್ಸು ಮಡಚುವ ಜಾತಿಯದು, ಹೊರಗೆಳೆದು ತಿರುಗಿಸಿ ಕೂರಿಸಬೇಕು. ಅದು ಆಮೆ ತಲೆಯಂತೆ ಒಳಗೇ ಇದೆ. ಅದರ ಮೇಲೆ ಮುಚ್ಚಳವೂ ಇದೆ.

ಮೈಮೇಲೆ ಹದ್ದು, 'ಲೈಕಾ' ಎಂಬ ಕೆತ್ತನೆ. ಲೆನ್ಸ್ ಬಿಚ್ಚಿ ಬಾಯೊಳಗೆ ನೋಡಿದರೆ ಜಾತಕ ಸಿಗುತ್ತದೆ. ಲೆನ್ಸಿನ ಹಿಂಬದಿಗೆ ತಾಗುವ ಸನ್ನೆಕೋಲಿನ ತುದಿಯಲ್ಲಿ ಪುಟ್ಟ ಉರುಳೆ ಇದ್ದರೆ ಜರ್ಮನಿಯ ಲೈಕಾ. ಉರುಳೆಯಿಲ್ಲದೆ ಗಟ್ಟಿ ಲೋಹದ ನಾಲಿಗೆ ಇದ್ದರೆ ಸೋವಿಯತ್ ದೇಶದ ಜೋರ್ಕಿ ಅಥವಾ ಫೆಡ್, ಬಂಗಾರದ ನೀರು ಕುಡಿಸಿದ್ದು. ವರನ ಜಾತಕವನ್ನು ಮೂರು ಕಡೆ ತೋರಿಸಿದ ಬೀಗರು ಇದರದನ್ನು ಕೇಳಲೇ ಇಲ್ಲ.

ಸಿನಿಮಾದವರನ್ನು ಬಿಟ್ಟರೆ ಅವರಿಗೆ ಬೇಜಾರಾದೀತು. ರಾಯಚೂರು, ಕೊಪ್ಪಳ ನಿಜಾಮನ ಕೈಯಿಂದ ಬಿಡಿಸಿಕೊಂಡದ್ದು 1948ರ ಸೆಪ್ಟೆಂಬರಿನಲ್ಲಿ. ರಜಾಕಾರರ ಕಾಲದ ಕತೆಯೆಂದು ಧೋತರದ ಅಂಚಿನವರೆಗೂ ಹಟ ಹಿಡಿಯುವ ನಿರ್ದೇಶಕ, ಪತ್ರಕರ್ತನ ಕೊರಳಿಗೆ ಲೈಕಾ ಎಂ3 ನೇತುಹಾಕುತ್ತಾನೆ. ಅದು ಹುಟ್ಟಿದ್ದು 1954ರಲ್ಲಿ. ಪತ್ತೆ ಸುಲಭ: ಪ್ರತಿ ಫೋಟೊ ಆದಮೇಲೆ ರೀಲು ಮುಂದೆ ಸರಿಸಲು ಎಂ3ಗೆ ಹೆಬ್ಬೆರಳಲ್ಲಿ ಎಳೆಯುವ ಲಿವರ್; 1930ರ ದಶಕದ ಲೈಕಾ 3, ಕಾಂಟ್ಯಾಕ್ಸ್ 2ಗಳಿಗೆ ತಿರುವುವ ಗುಂಡಿ. ಲಿವರಾದರೂ ಗುಂಡಿಯಾದರೂ ನಮ್ಮ ಪತ್ರಕರ್ತ ಮುಟ್ಟುವುದಿಲ್ಲ, ಸತತ ಐದು ಕ್ಲಿಕ್ಕು. ಸದ್ದು ಬೇರೆ ಎಸ್‌ಎಲ್‌ಆರ್‌ನದು, ಅಂದರೆ ಲೆನ್ಸಿನ ನೋಟವನ್ನೇ ಕನ್ನಡಿಯಿಂದ ಕಣ್ಣಿಗೆ ತೋರಿಸುವ, ಕ್ಲಿಕ್ಕಿಸಿದಾಗ ಆ ಕನ್ನಡಿ ಬಡಿಯುವ ಕ್ಯಾಮೆರಾದ್ದು. ಇಲ್ಲಿ ಕನ್ನಡಿ ಬಡಿಯುವುದೇ ಇಲ್ಲ.

ಇನ್ನು ಕಿಂಡಿಯೊಳಗಿನ ನೋಟ. ಮಸುಕಾಗಿದ್ದ ನಾಯಕಿ ಮೆಲ್ಲಗೆ ಸ್ಪಷ್ಟವಾಗುತ್ತಾಳೆ. ರೇಂಜ್‌ಫೈಂಡರ್‌ನಲ್ಲಿ ನಾಯಕಿ ಎಂದೂ ಮಸುಕಾಗುವುದಿಲ್ಲ. ನಟ್ಟನಡುವೆ ಅವಳಿಗೆ ಎರಡು ಮೂಗು ಕಾಣುತ್ತವೆ, ಲೆನ್ಸ್ ತಿರುಗಿಸಿದರೆ ಒಂದಾಗುತ್ತವೆ. ಎರಡು ಮೂಗಿನ ನಾಯಕಿಗೆ ದುಡ್ಡು ಹಾಕುವ ನಿರ್ಮಾಪಕ ಯಾರು?

ಪುರವಣಿಗಳಲ್ಲಿ ಚಿತ್ರವನ್ನೇ ಎಡಬಲ ಮಗುಚಿ ಅಚ್ಚು ಹಾಕುತ್ತಾರೆ. ರೂಪದರ್ಶಿಯ ಸೆರಗು ಬಲಕ್ಕೆ ಬಂದದ್ದನ್ನು ನಮ್ಮ ಕಡೆಯ ಪದ್ಧತಿ ಎಂದು ಒಪ್ಪಬಹುದು. ಲೈಕಾದ ಲಿವರ್ ಎಡಕ್ಕೆ ಬರುವ ಪದ್ಧತಿ ಯಾವ ಕಡೆಯೂ ಇಲ್ಲ.

ಇವರೆಲ್ಲರ ನಡುವೆ ಮುಚ್ಚಳದ ಅಣ್ಣನದೇ ಸಹಜಾಭಿನಯ. ಈ ಕ್ಯಾಮೆರಾಗಳಲ್ಲಿ ನೋಟ ಲೆನ್ಸಿನ ಮೂಲಕ ಬರುವುದಿಲ್ಲ. ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಲೋಕವೆಲ್ಲ ಬೆಳಕಾಗಿಯೇ ಇರುತ್ತದೆ. ಪಳಗಿದ ಕೈಗಳೂ ಹೀಗೆ 36 ಫ್ರೇಮು ಕತ್ತಲೆಗೆ ಕೊಟ್ಟಿವೆ. ಅಲ್ಲದೆ ಜೋರ್ಕಿಯ ಶಟರ್, ಅಂದರೆ ರೀಲಿನ ಮುಂದಿನ ಪರದೆ, ಬಟ್ಟೆಯದು, ಅದಕ್ಕೆ ಅಡ್ಡವಾಗಿ ಕನ್ನಡಿಯಿಲ್ಲ. ತೆರೆದ ಲೆನ್ಸ್ ಸೂರ್ಯನಿಗೆ ಮುಖ ಮಾಡಿದರೆ ಭೂತಗನ್ನಡಿಯೇ ಸರಿ. ನಮ್ಮ ಸೀಮೆಯ ಬಿಸಿಲಿಗೆ ಬಟ್ಟೆ ತೂತಾಗಲು ಎಷ್ಟು ಹೊತ್ತು? ಆಮೇಲೆ ಪ್ರಿಂಟಿನಲ್ಲೆಲ್ಲ ಬಿಳಿ ಚುಕ್ಕೆ.

"ಅಣ್ಣಾ, ಮುಚ್ಚಳ ತೆಗಿ. ಲೆನ್ಸ್ ಹೊರಗ ಎಳಿ, ಉದ್ದ ಕಂಡ್ರ ಚಂದ."

ಅಣ್ಣ ತೆಗೆದ, ಎಳೆದ. ಶಾಟ್ ಓಕೆ. ಬಿಸಿಲು ನೆತ್ತಿಗೆ ಬಂದಿತ್ತು. ಕ್ಯಾಮೆರಾವನ್ನು ಬಂಡೆಯ ಮೇಲೆ ಅಂಗಾತ ಮಲಗಿಸಿ ಎಲ್ಲರೂ ಒಗ್ಗರಣಿ-ಮಿರ್ಚಿ ತಿನ್ನಲು ಹೋದರು. ಮುಚ್ಚಳ ಅಣ್ಣನ ಜೇಬಿನಲ್ಲಿದೆ.