ಸಂಬಂಧ ಏನಂತ ಬರೀಬೇಕು?

ನಮ್ಮ ಮದುವೆಯ ನೋಟಿಸ್ 30 ದಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಬೋರ್ಡಿನ ಮೇಲಿತ್ತು. 1993ರ ಮಾತು. ನಾನು ಲಿಂಗಾಯತರ ಮನೆಯ ಹುಡುಗಿ. ನಮ್ಮವರು ಮಂಗಳೂರು ಕಡೆಯ ಕೆಥೋಲಿಕ್ ಕ್ರೈಸ್ತರು. ಇಬ್ಬರೂ ಧರ್ಮ ಬಿಡದೆ ಮದುವೆಯಾಗಬೇಕು ಅಂತ ನಾವು ಹಿಡಿದದ್ದು ಸ್ಪೆಷಲ್ ಮ್ಯಾರೇಜ್ ಆಕ್ಟಿನ ದಾರಿ. ಮೊದಲು ಅರ್ಜಿ ಕೊಡಬೇಕು. ಆಮೇಲೆ ಯಾರದಾದರೂ ತಕರಾರು ಬರುತ್ತದಾ ಅಂತ ಒಂದು ತಿಂಗಳು ಕಾಯಬೇಕು. ಟೈಪ್ ಮಾಡಿದ ಒಂದು ಹಾಳೆ, ಎರಡು ಗುಂಡುಪಿನ್ನು, ಪಕ್ಕದಲ್ಲಿ ಯಾವುದೋ ಹರಾಜಿನ ಪ್ರಕಟಣೆ. ನಮ್ಮ ದೊಡ್ಡಪ್ಪ ಸೈಟಿನ ಕೆಲಸಕ್ಕೆ ಅಂತ ಅಲ್ಲಿಗೆ ಹೋದವರು ಅದನ್ನು ಓದಿ ಸೀದಾ ನಮ್ಮ ಮನೆಗೆ ಬಂದರು. ಆ ರಾತ್ರಿ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ನಮ್ಮ ಕಡೆಯವರು ಧರ್ಮ ಕೆಡಿಸಿದಳು ಅಂದರು. ಅವರ ಕಡೆ ಅತ್ತೆ ಜಪಸರ ಹಿಡಿದುಕೊಂಡು ಅತ್ತರು. ಕೊನೆಗೆ ಮದುವೆಗೆ ಬೇಕಾದ ಮೂವರು ಸಾಕ್ಷಿಗಳನ್ನು ಹೊಂದಿಸುವುದೇ ಕಷ್ಟವಾಯಿತು. ಆದರೂ ಆಯಿತು. "ನಿಮ್ಮನ್ನು ನನ್ನ ಕಾನೂನುಬದ್ಧ ಪತಿಯಾಗಿ ಸ್ವೀಕರಿಸುತ್ತೇನೆ" ಅಂತ ಅಧಿಕಾರಿಯ ಮುಂದೆ ಕನ್ನಡದಲ್ಲೇ ಹೇಳಿದೆ. ಕೈ ನಡುಗುತ್ತಿತ್ತು. 30 ವರ್ಷ ದಾಟಿತು. ಈಗಲೂ ನಾನು ಬೆಳಗಾದರೆ ಲಿಂಗಪೂಜೆ ಮಾಡದೆ ಕಾಫಿ ಕುಡಿಯುವುದಿಲ್ಲ. ಅವರು ಭಾನುವಾರದ ಪೂಜೆ ತಪ್ಪಿಸುವುದಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಸಲಿಂಗ ಮದುವೆ ಬೇಕು ಅನ್ನುವವರಿಗೆ ದೇವರಿಲ್ಲ ದಿಂಡರಿಲ್ಲ ಅಂತ ಸುಮ್ನೆ ಹೇಳಿಬಿಡುವವರು ನಮ್ಮ ಬಂಧುಬಳಗದಲ್ಲೇ ತುಂಬಾ ಇದ್ದಾರೆ. ನನಗೆ ದೇವರಿದ್ದಾನೆ. ಆದರೂ ಬೇಕು ಅಂತಲೇ ನಾನು ಹೇಳುತ್ತೇನೆ.

ನಮ್ಮ ಮನೆಯ ಮಹಡಿ ಮೇಲೆ ಇಬ್ಬರು ಹೆಂಗಸರು ಬಾಡಿಗೆಗೆ ಇದ್ದಾರೆ. ನಲವತ್ತು ದಾಟಿದವರು, ಆದರೂ ನನಗೆ ಹುಡುಗಿಯರೇ. ನನ್ನನ್ನು ಆಂಟಿ ಅನ್ನುತ್ತಾರೆ. ಒಬ್ಬಳು ಟೀಚರ್, ಇನ್ನೊಬ್ಬಳು ಅಕೌಂಟ್ಸ್ ನೋಡುತ್ತಾಳೆ. ನಮ್ಮಲ್ಲಿಗೆ ಬರುವ ಮೊದಲೇ ಏಳೆಂಟು ವರ್ಷದಿಂದ ಒಟ್ಟಿಗಿದ್ದವರು. ಮೊದಮೊದಲು ಗೆಳತಿಯರು ಅಂದುಕೊಂಡಿದ್ದೆ. ಒಂದು ದಿನ ಟೀಚರ್ ಹುಡುಗಿ ತಾನಾಗಿಯೇ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಅಡುಗೆಕಟ್ಟೆ ಮೇಲಿದ್ದ ಹುರುಳಿಕಾಯಿ ಮುರಿಯುತ್ತಾ ಇದ್ದಳು. ಮನೆ ಖಾಲಿ ಮಾಡಿ ಅಂತೀನೇನೋ ಅನ್ನೋ ಭಯ ಅವಳಿಗೆ. ನನಗೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. "ಸಾಕು ಬಿಡಮ್ಮ, ಪಲ್ಯಕ್ಕೆ ಇಷ್ಟು ಸಾಕು" ಅಂದೆ. ಈಗ ನೆನೆಸಿಕೊಂಡರೆ ಇನ್ನೇನಾದರೂ ಒಳ್ಳೆಯ ಮಾತು ಹೇಳಬೇಕಿತ್ತು ಅನ್ನಿಸುತ್ತೆ.

ಎರಡು ವರ್ಷದ ಹಿಂದೆ ಅಕೌಂಟ್ಸ್ ಹುಡುಗಿ ಸ್ಕೂಟರಿನಿಂದ ಬಿದ್ದಳು. ತೊಡೆ ಮೂಳೆ ಮುರಿಯಿತು. ಆಪರೇಷನ್ ಆಗಬೇಕು ಅಂದರು. ಫಾರಂ ಬಂತು. ಕೌಂಟರಿಗೆ ದಾರದಲ್ಲಿ ಕಟ್ಟಿದ್ದ ಪೆನ್ನು ಎಳೆದುಕೊಂಡು ಟೀಚರ್ ಎಲ್ಲ ತುಂಬಿದಳು. ವಯಸ್ಸು, ರಕ್ತದ ಗುಂಪು, ಯಾವ ಔಷಧಿ ಆಗುವುದಿಲ್ಲ, ಎಲ್ಲ ಬಾಯಲ್ಲೇ ಇತ್ತು. 'ರೋಗಿಗೆ ಸಂಬಂಧ' ಅನ್ನೋ ಕಡೆ ಪೆನ್ನು ನಿಂತಿತು. 'ಸ್ನೇಹಿತೆ' ಅಂತ ಬರೆದಳು. ಕೌಂಟರಿನವರು ಫಾರಂ ವಾಪಸ್ ತಳ್ಳಿದರು. "ಮನೆಯವರು ಯಾರಿದ್ದಾರೆ? ಅವರು ಸಹಿ ಹಾಕಬೇಕು."

ಮನೆಯವಳು ಅಲ್ಲೇ ನಿಂತಿದ್ದಳು, ಅಲ್ವಾ? ಆದರೆ ಅವರಿಗೆ ಬೇಕಾದದ್ದು ಒಂಬತ್ತು ವರ್ಷದಿಂದ ತಂಗಿಯ ಜೊತೆ ಮಾತೇ ಆಡದಿದ್ದ ಅಣ್ಣ. ಫೋನ್ ಮಾಡಿದೆವು. ಸಂಜೆ ಬಂದರು, ಸಹಿ ಹಾಕಿದರು, ತಂಗಿಯ ಮಂಚದ ಹತ್ತಿರ ಎರಡು ನಿಮಿಷ ನಿಂತು ಬಸ್ಸಿಗೆ ಹೊರಟರು. ನಾನು ಅವರನ್ನು ದೂರುವುದಿಲ್ಲ. ಬಂದರಲ್ಲ, ಅದೇ ದೊಡ್ಡದು. ಆದರೆ ಹಿಂದಿನ ವರ್ಷ ನಮ್ಮವರಿಗೆ ಆಂಜಿಯೋಪ್ಲಾಸ್ಟಿ ಆದಾಗ ನಾನು 'ಹೆಂಡತಿ' ಅಂತ ಬರೆದು ಸಹಿ ಹಾಕಿದ್ದೆ. ಅರ್ಧ ನಿಮಿಷದ ಕೆಲಸ. ಯಾರೂ ಏನೂ ಕೇಳಲಿಲ್ಲ. ಆ ದಿನ ಆ ಅರ್ಧ ನಿಮಿಷ ನನಗೆ ಲೆಕ್ಕಕ್ಕೇ ಬಂದಿರಲಿಲ್ಲ.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ಮದುವೆಯ ತೀರ್ಪು ಓದಿದಾಗ ಇಬ್ಬರೂ ನಮ್ಮ ಹಾಲಿನಲ್ಲೇ ಕೂತು ಟಿವಿ ನೋಡಿದರು. ಏಪ್ರಿಲ್ ಮೇ ತಿಂಗಳಲ್ಲಿ ಹತ್ತು ದಿನ ವಾದ ನಡೆದಿತ್ತು. ಮದುವೆ ಅನ್ನೋದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಅಂತ ಐವರು ನ್ಯಾಯಮೂರ್ತಿಗಳೂ ಹೇಳಿದರು. ಮದುವೆ ಅಂತಲ್ಲದಿದ್ದರೂ ಇವರ ಜೋಡಿಯನ್ನು ಕಾನೂನು ಗುರುತಿಸಬೇಕು ಅಂತ ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಹೇಳಿದರು. ಉಳಿದ ಮೂವರು ಒಪ್ಪಲಿಲ್ಲ. ಜೋಡಿಯಾಗಿ ಮಗುವನ್ನು ದತ್ತು ತೆಗೆದುಕೊಳ್ಳುವ ಮಾತೂ ಅದೇ ಮೂರು-ಎರಡರಲ್ಲಿ ಬಿದ್ದುಹೋಯಿತು. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ವಜಾ ಆದವು. ಇನ್ನು ಏನಿದ್ದರೂ ಪಾರ್ಲಿಮೆಂಟು ಮಾಡಬೇಕು.

ಆ ತೀರ್ಪಿನಲ್ಲಿ ಒಂದು ಮಾತು ನನಗೆ ಮನಸ್ಸಿಗೆ ಹತ್ತಿತು. ಕೋರ್ಟಿಗೆ ಹೋದವರು ಕೇಳಿದ್ದು ಸ್ಪೆಷಲ್ ಮ್ಯಾರೇಜ್ ಆಕ್ಟಿನಲ್ಲೇ ಜಾಗ. ಅದನ್ನು ರದ್ದು ಮಾಡಿದರೆ ಬೇರೆ ಬೇರೆ ಧರ್ಮದವರು ಮದುವೆಯಾಗಲು ಇರುವ ದಾರಿಯೂ ಮುಚ್ಚಿಹೋಗುತ್ತದೆ, ಸ್ವಾತಂತ್ರ್ಯಕ್ಕೆ ಮೊದಲಿನ ಕಾಲಕ್ಕೆ ಹೋದ ಹಾಗಾಗುತ್ತದೆ ಅಂದರು ಚಂದ್ರಚೂಡ್. ಅದರಲ್ಲಿ ಹೊಸ ಮಾತು ಸೇರಿಸುವುದು ಕೋರ್ಟಿನ ಕೆಲಸವಲ್ಲ ಅಂತಲೂ ಅಂದರು. ಅಂದರೆ ನನ್ನಂಥವರ ಮದುವೆ ಉಳಿಯಬೇಕು ಅಂತ ಕಾನೂನನ್ನು ಹಾಗೇ ಬಿಟ್ಟರು. ಅದೇ ಕಾನೂನಿನೊಳಗೆ ಮಹಡಿ ಮೇಲಿನವರಿಗೆ ಜಾಗ ಸಿಗಲಿಲ್ಲ. ಟಿವಿ ಆರಿಸಿದ ಮೇಲೆ ಅವರಿಗೆ ಊಟ ಬಡಿಸಿದೆ. ಮಾತಿಲ್ಲ. ಟೀಚರ್ ಮಾತ್ರ "ಆಂಟಿ, ಸಾರು ಚೆನ್ನಾಗಿದೆ" ಅಂದಳು.

ಈ ಕಾನೂನಿನ ಕಥೆ ಗೊತ್ತಿದ್ದವರಿಗೆ ನಾನು ಹೇಳೋದು ಬೇಗ ಅರ್ಥವಾಗುತ್ತದೆ. ಮೊದಲು 1872ರಲ್ಲಿ ಬ್ರಿಟಿಷರ ಕಾಲದಲ್ಲಿ ಒಂದು ಕಾನೂನು ಬಂತು. ಬ್ರಹ್ಮ ಸಮಾಜದವರು ಹೋರಾಡಿ ತಂದದ್ದು. ಅದರಲ್ಲಿ ಮದುವೆಯಾಗಬೇಕಾದರೆ, ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತನಲ್ಲ, ಜೈನನಲ್ಲ ಅಂತ ಬರೆದುಕೊಡಬೇಕಿತ್ತು. ಪ್ರೀತಿ ಬೇಕಾದರೆ ದೇವರನ್ನು ಬಿಡು ಅಂತ ಸರ್ಕಾರವೇ ಹೇಳಿದ ಹಾಗೆ. 1954ರ ಕಾನೂನು ಬಂದ ಮೇಲೆ ಹಾಗೆ ಬರೆದುಕೊಡುವ ಕಷ್ಟ ತಪ್ಪಿತು. ಆದ್ದರಿಂದಲೇ 1993ರಲ್ಲಿ ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ಆ ಆಫೀಸಿಗೆ ಹೋದೆ, ಅವರು ಶಿಲುಬೆ ಹಾಕಿಕೊಂಡೇ ಬಂದರು. ಮಠವೂ ಮಾಡದ, ಚರ್ಚೂ ಮಾಡದ ಮದುವೆಯನ್ನು ಸರ್ಕಾರ ಮಾಡಿಕೊಟ್ಟಿತು. ಅದಕ್ಕಾಗಿ ಮಠವೂ ಮುಚ್ಚಲಿಲ್ಲ, ಚರ್ಚೂ ಮುಚ್ಚಲಿಲ್ಲ.

ಟೀಚರ್ ಹುಡುಗಿ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಯೇ ಹೋಗುತ್ತಾಳೆ. ಅವಳಿಗೂ ದೇವರಿದ್ದಾಳೆ. ಅವಳು ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಅಂತ ಪುರೋಹಿತರನ್ನು ಕೇಳುತ್ತಿಲ್ಲ. ಕೇಳುತ್ತಿರುವುದು ಸಬ್ ರಿಜಿಸ್ಟ್ರಾರ್ ಆಫೀಸಿನ ಒಂದು ರಿಜಿಸ್ಟರಿನಲ್ಲಿ ಎರಡು ಹೆಸರು.

ವಿರೋಧಿಸುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆರೆಸ್ಸೆಸ್‌ನ ದತ್ತಾತ್ರೇಯ ಹೊಸಬಾಳೆಯವರು ನಮ್ಮ ಸೊರಬದ ಕಡೆಯವರೇ. ಮದುವೆ ಗಂಡು ಹೆಣ್ಣಿನ ನಡುವೆ ಮಾತ್ರ, ಅದು ಸಂಸ್ಕಾರ, ಬರೀ ಕರಾರಲ್ಲ ಅಂತ 2023ರಲ್ಲಿ ಹೇಳಿದರು. ಮುಸ್ಲಿಂ ಧರ್ಮಗುರುಗಳ ಸಂಘಟನೆಯಾದ ಜಮೀಯತ್ ಉಲಮಾ-ಇ-ಹಿಂದ್‌ನವರು ಕೋರ್ಟಿಗೇ ಹೋಗಿ ವಿರೋಧಿಸಿದರು. ಬೇರೆ ವಿಷಯದಲ್ಲಿ ಎದುರುಬದುರು ನಿಲ್ಲುವವರು ಇಲ್ಲಿ ಒಂದೇ ಕಡೆ. ಮದುವೆ ಸಂಸ್ಕಾರ ಅನ್ನೋದನ್ನು ನಾನೂ ಒಪ್ಪುತ್ತೇನೆ. ನನಗೂ ಅದು ಸಂಸ್ಕಾರವೇ. ಆದರೆ ಆಸ್ಪತ್ರೆಯ ಸಹಿ, ಕುಟುಂಬ ಪಿಂಚಣಿ, ಮಗುವಿನ ದಾಖಲೆಯಲ್ಲಿ ತಾಯಿ-ತಂದೆಯ ಹೆಸರು, ಇವು ಯಾವುದೂ ಸಂಸ್ಕಾರದಿಂದ ಬರುವುದಿಲ್ಲ. ಇದೆಲ್ಲ ಕಾನೂನು ಕೊಡುವುದು. ಇವತ್ತು ಟೀಚರ್ ಒಬ್ಬಳೇ ಅರ್ಜಿ ಹಾಕಿದರೆ ಮಗುವನ್ನು ದತ್ತು ತೆಗೆದುಕೊಳ್ಳಬಹುದು. ಇಬ್ಬರೂ ಸೇರಿ ಆಗುವುದಿಲ್ಲ. ಮನೆಯಲ್ಲಿ ಇಬ್ಬರು ಸಾಕಿದ ಮಗುವಿಗೆ ಕಾಗದದಲ್ಲಿ ಒಬ್ಬಳೇ ತಾಯಿ. ಆ ಒಬ್ಬಳಿಗೆ ಏನಾದರೂ ಆದರೆ? ಮಕ್ಕಳ ಮೇಲೆ ಕಾಳಜಿ ಇದೆ ಅನ್ನುವವರು ಇದಕ್ಕೆ ಉತ್ತರ ಹೇಳಬೇಕು.

ನಾಳೆ ನಮ್ಮ ದೇವಸ್ಥಾನ, ಚರ್ಚು, ಮಸೀದಿಗೂ ಇದನ್ನು ಹೇರುತ್ತಾರೆ ಅನ್ನುವ ಭಯ ಕೆಲವರಿಗೆ. ಇಂಗ್ಲೆಂಡಿನಲ್ಲಿ 2013ರಲ್ಲಿ ಕಾನೂನು ತಂದಾಗ ಈ ಭಯಕ್ಕೆ ಕಾನೂನಿನಲ್ಲೇ ಉತ್ತರ ಬರೆದರು. ಯಾವ ಧರ್ಮಸಂಸ್ಥೆಯನ್ನೂ ಬಲವಂತ ಮಾಡುವಂತಿಲ್ಲ. ಅಲ್ಲಿನ ಚರ್ಚ್ ಆಫ್ ಇಂಗ್ಲೆಂಡ್ ಅಂತೂ ತನ್ನ ವಿಧಿಯಲ್ಲಿ ಅಂಥ ಮದುವೆ ಮಾಡಿಸುವಂತೆಯೇ ಇಲ್ಲ. ರಿಜಿಸ್ಟ್ರಿ ಆಫೀಸಿನಲ್ಲಿ ಮದುವೆಯಾಗುವವರು ಆಗುತ್ತಿದ್ದಾರೆ. ತೈವಾನ್ 2019ರಲ್ಲಿ ಕಾನೂನು ತಂದಿತು. ಬೌದ್ಧರೇ ಜಾಸ್ತಿ ಇರುವ ಥಾಯ್ಲೆಂಡಿನಲ್ಲಿ 2025ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮ ಪಕ್ಕದ ನೇಪಾಳದಲ್ಲಿ 2023ರ ನವೆಂಬರಿನಲ್ಲಿ ಲಮ್ಜುಂಗ್ ಜಿಲ್ಲೆಯಲ್ಲಿ ಮೊದಲ ನೋಂದಣಿ ಆಯಿತು.

ನಮ್ಮ ಮನೆಯಲ್ಲೇ ಈ ವಿಷಯಕ್ಕೆ ಎರಡು ಅಭಿಪ್ರಾಯ ಇದೆ. 2023ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅವರ ಒಪ್ಪಿಗೆಯಿಂದ ವ್ಯಾಟಿಕನ್ ಒಂದು ಪತ್ರ ಹೊರಡಿಸಿತು. ಸಲಿಂಗಿ ಜೋಡಿಗೆ ಪಾದ್ರಿಗಳು ಆಶೀರ್ವಾದ ಮಾಡಬಹುದು, ಆದರೆ ಅದು ಮದುವೆಯ ಹಾಗೆ ಕಾಣಬಾರದು ಅಂತ. ನಮ್ಮವರು ಅದನ್ನು ಎರಡು ಸಲ ಓದಿದರು. ಚರ್ಚಿನಲ್ಲಿ ಮದುವೆ ಅಂದರೆ ಗಂಡು ಹೆಣ್ಣೇ, ಅದು ಬದಲಾಗಬಾರದು ಅಂತ ಅವರು ಈಗಲೂ ಹೇಳುತ್ತಾರೆ. ನಾನು ಜಗಳ ಆಡುತ್ತೇನೆ. ಆದರೆ ಆಸ್ಪತ್ರೆಯಿಂದ ಬಂದ ರಾತ್ರಿ ಅವರೇ ಅಂದರು, "ನಮಗೂ ಚರ್ಚು ಮದುವೆ ಮಾಡಿಸಲಿಲ್ಲ. ಸರ್ಕಾರ ಬಿಟ್ಟುಬಿಟ್ಟಿದ್ದರೆ ನೀನು ನನಗೆ ಏನಾಗ್ತಿದ್ದೆ?" ನಂಬಿಕೆ ಅವರದು ಹಾಗೇ ಇದೆ. ಅದನ್ನು ಬೇರೆಯವರ ದಾರಿಗೆ ಅಡ್ಡ ಇಡುವುದಿಲ್ಲ. ನಾನು ಎಲ್ಲರಿಂದ ಕೇಳುವುದೂ ಅಷ್ಟೇ.

ಇನ್ನು ನಮ್ಮ ಕಡೆಯವರಿಗೆ ಒಂದು ಮಾತು. ಬಸವಣ್ಣನವರ ಫೋಟೋ ಇಲ್ಲದ ಮನೆ ನಮ್ಮಲ್ಲಿ ಇಲ್ಲ. ಕಲ್ಯಾಣದಲ್ಲಿ ಆಗಿದ್ದೇನು? ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ. ಸಮಗಾರರ ಹುಡುಗ, ಬ್ರಾಹ್ಮಣರ ಹುಡುಗಿ. ಧರ್ಮ ಹಾಳಾಯಿತು ಅಂತ ದೂರು ಹೋಯಿತು. ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆ ಕೊಟ್ಟರು, ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಬಸವ ಜಯಂತಿ ದಿನ ಈ ಕಥೆ ಹೇಳಿ ಕಣ್ಣೀರು ಹಾಕುತ್ತೇವೆ. ಆವತ್ತು ದೂರು ಕೊಟ್ಟವರೂ ತಾವು ಧರ್ಮ ಉಳಿಸುತ್ತಿದ್ದೇವೆ ಅಂತಲೇ ನಂಬಿದ್ದರು. ನನ್ನ ದೊಡ್ಡಪ್ಪನೂ ಹಾಗೇ ನಂಬಿದ್ದರು. ಕೆಟ್ಟ ಮನುಷ್ಯರಲ್ಲ. ನನ್ನ ಮಗಳ ನಾಮಕರಣಕ್ಕೆ ಅವರೇ ಬೆಳ್ಳಿ ಬಟ್ಟಲು ತಂದರು.

ಅವ್ವನಿಗೆ ಈಗ 84. ನಮ್ಮ ಮನೆಗೆ ಬಂದಾಗ ಮಹಡಿಯವರ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗಿರೋ ಆತ್ಮಕ್ಕೆ ಗಂಡು ಹೆಣ್ಣು ಅಂತ ಇಲ್ಲ ಅಂದಾರಲ್ಲ ಶರಣರು" ಅಂದಳು. ಆಮೇಲೆ, "ಆದರೂ ನಂಗೆ ತಿಳಿಯಂಗಿಲ್ಲ ನೋಡು" ಅಂದಳು. ಆ ಎರಡನೇ ಮಾತು ನನಗೆ ತುಂಬಾ ಹಿಡಿಸಿತು. ತಿಳಿಯದಿದ್ದರೆ ತಿಳಿದುಕೊಳ್ಳಬಹುದು. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ 2021ರಲ್ಲಿ ಇಬ್ಬರು ಯುವತಿಯರ ಪ್ರಕರಣ ಬಂದಾಗ, ತನಗೆ ಈ ವಿಷಯ ಗೊತ್ತಿಲ್ಲ ಅಂತ ಒಪ್ಪಿಕೊಂಡರು. ತಾವೇ ಮನಃಶಾಸ್ತ್ರಜ್ಞೆಯೊಬ್ಬರ ಹತ್ತಿರ ಕೂತು ತಿಳಿದುಕೊಂಡು, ಆಮೇಲೆ ಆದೇಶ ಬರೆದರು. ತಮ್ಮೊಳಗಿದ್ದ ತಪ್ಪು ಭಾವನೆಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದುಕೊಂಡರು. ಹೈಕೋರ್ಟಿನ ನ್ಯಾಯಮೂರ್ತಿಯೇ ಅಷ್ಟು ಮಾಡಿದರೆ ನಾವೂ ಮಾಡಬಹುದು.

ಏನೂ ಆಗಿಲ್ಲ ಅಂತಲ್ಲ. 2018ರಲ್ಲಿ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನ ಭಯ ಹೋಯಿತು. 2024ರಲ್ಲಿ, ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಕೇಂದ್ರ ಹೇಳಿತು. ರೇಷನ್ ಕಾರ್ಡಿನಲ್ಲಿ ಒಂದೇ ಮನೆಯವರು ಅಂತ ಸೇರಿಸಿ ಅಂತಲೂ ರಾಜ್ಯಗಳಿಗೆ ತಿಳಿಸಿತು. ಒಳ್ಳೆಯದೇ. ಆದರೆ ನಾಮಿನಿ ಅಂದರೆ ವಾರಸುದಾರರಲ್ಲ. ದುಡ್ಡು ಕೈಗೆ ಬರಬಹುದು, ಅದು ಯಾರಿಗೆ ಸೇರಬೇಕು ಅನ್ನೋದನ್ನು ತೀರ್ಮಾನಿಸುವುದು ವಾರಸಿನ ಕಾನೂನು.

ಅದಕ್ಕೇ ಹೋದ ತಿಂಗಳು ಇಬ್ಬರೂ ವಿಲ್ ಮಾಡಿಸಿದರು. ಒಬ್ಬಳದು ಇನ್ನೊಬ್ಬಳ ಹೆಸರಿಗೆ. ಸಾಕ್ಷಿಗೆ ಇಬ್ಬರು ಬೇಕು. ನಾನು ನಮ್ಮವರು ಹೋದೆವು. ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಪತ್ರ ಬರಹಗಾರರ ಸಣ್ಣ ಅಂಗಡಿ. ವಯಸ್ಸಾದವರು, ಮರ್ಯಾದಸ್ಥರು. ಟೈಪ್ ಮಾಡುತ್ತಾ ನಿಲ್ಲಿಸಿ, ಕನ್ನಡಕ ಮೇಲೆ ಮಾಡಿ ಕೇಳಿದರು, "ಇವರು ನಿಮಗೆ ಸಂಬಂಧ ಏನಾಗಬೇಕು ಮೇಡಂ? ಏನಂತ ಹಾಕಲಿ?"

ಟೀಚರ್ ಹುಡುಗಿ ನನ್ನ ಕಡೆ ನೋಡಿದಳು. ನಾನೂ ಏನೂ ಹೇಳಲಿಲ್ಲ. ಅವರು ಸ್ವಲ್ಪ ಕಾದು, ತಾವೇ 'ಆಪ್ತ ಸ್ನೇಹಿತೆ' ಅಂತ ಟೈಪ್ ಮಾಡಿದರು.